ಗಣಿತಕ್ಕೆ ಟ್ಯೂಷನ್, ದೇವರಿಗೆ ಅಜ್ಜಿ

ನನ್ನ ತಮ್ಮ ಪ್ರಭಾಕರ ಮಾತಿನ ಮಲ್ಲ. ಅಂಧೇರಿಯ ಆಫೀಸೊಂದರಲ್ಲಿ ಇನ್ಶೂರೆನ್ಸ್ ಮಾರುವ ಹುಡುಗರಿಗೆಲ್ಲ ಅವನೇ ಬಾಸ್. ಮೈಕ್ ಕೈಗೆ ಸಿಕ್ಕರೆ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಸತ್ತ ಮೇಲೆ ಬರುವ ದುಡ್ಡಿನ ಬಗ್ಗೆ ಮಾತಾಡಿ ಬದುಕಿದ್ದವರನ್ನು ನಗಿಸಬಲ್ಲ. ಅಂಥವನು ಕಳೆದ ತಿಂಗಳು ತನ್ನದೇ ಮನೆಯ ಹಾಲ್‌ನಲ್ಲಿ, ನೆಂಟರಿಷ್ಟರ ಎದುರು, ಬಾಯಿ ಕಟ್ಟಿ ನಿಂತುಬಿಟ್ಟ. ದೇವರ ಹತ್ತಿರ ಎರಡು ಮಾತಾಡು ಅಂದದ್ದಕ್ಕೆ!

ನಗಬೇಡಿ. ನನಗೂ ಮೊದಲು ನಗುವೇ ಬಂದಿತ್ತು.

ನಮ್ಮದು ಧಾರವಾಡ ಕಡೆಯ ಕ್ರೈಸ್ತ ಮನೆತನ. ಅಪ್ಪ ರೈಲ್ವೆ ನೌಕರಿ ಹಿಡಿದು ಮುಂಬಯಿಗೆ ಬಂದವರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಅವ್ವ ಮಲಾಡಿನಲ್ಲಿ ತಮ್ಮನ ಮನೆಯಲ್ಲಿದ್ದಳು. ದಿನಾ ಸಂಜೆ ಏಳೂವರೆಗೆ ಅಲ್ಲಿ ಟೀವಿ ಬಂದ್. ಹಾಲ್‌ನಲ್ಲಿ ಚಾಪೆ. ಅವ್ವ ಬೈಬಲಿನ ವೇದಪಾಠ ಓದಿ, ಒಂದು ಕೀರ್ತನೆ ಹಾಡಿ, ಪ್ರಾರ್ಥನೆಗೆ ಕಣ್ಣು ಮುಚ್ಚಿದಳೆಂದರೆ ಮುಗಿಯಿತು. ಬಿಲ್ಡಿಂಗಿನ ವಾಚ್‌ಮನ್‌ನ ಮಂಡಿನೋವಿನಿಂದ ಹಿಡಿದು ದೆಹಲಿಯಲ್ಲಿ ಕೂತವರ ಬುದ್ಧಿಯವರೆಗೆ ಎಲ್ಲವನ್ನೂ ದೇವರ ಕಿವಿಗೆ ಹಾಕುತ್ತಿದ್ದಳು. (ವಾಚ್‌ಮನ್‌ನ ಮಂಡಿ ಸುಧಾರಿಸಿತು.)

ಈ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಮಲಗಿದವಳು ಏಳಲಿಲ್ಲ, ಅಷ್ಟೇ.

ಮಣ್ಣು ಮಾಡಿ ಬಂದ ದಿನ ಸಂಜೆ ಏಳೂವರೆಗೆ ಟೀವಿ ಬಂದ್ ಆಗಿಯೇ ಇತ್ತು. ಚಾಪೆಯನ್ನು ಮಾತ್ರ ಯಾರೂ ಹಾಸಲಿಲ್ಲ. ಮರುದಿನವೂ ಹಾಸಲಿಲ್ಲ. ಪ್ರಾರ್ಥನೆ ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ, ಅದು ತನ್ನಷ್ಟಕ್ಕೆ ನಿಂತುಹೋಯಿತು. ವಾರ ಕಳೆದ ಮೇಲೆ ಟೀವಿ ಮತ್ತೆ ಶುರುವಾಯಿತು.

ಆಮೇಲೊಂದು ದಿನ ತಮ್ಮನ ಹೆಂಡತಿ ಶೀಲಾಳ ಫೋನು. "ಅಕ್ಕಾರ, ಜೋಯೆಲ್ ದೃಢೀಕರಣ ಬ್ಯಾಡ ಅನ್ಲಿಕತ್ತಾನ್ರಿ. ನೀವರ ಬಂದು ಒಂದು ಮಾತು ಹೇಳ್ರಿ."

ಜೋಯೆಲ್ ನನ್ನ ಸೋದರಳಿಯ, ಹತ್ತನೇ ಕ್ಲಾಸು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ಮಗುವಿನ ಪರವಾಗಿ ಅಪ್ಪ ಅಮ್ಮ ಮಾತು ಕೊಡುತ್ತಾರೆ. ಬುದ್ಧಿ ಬಂದ ಮೇಲೆ ಆ ಮಗುವೇ ಕೆಲವು ಭಾನುವಾರ ಚರ್ಚಿನಲ್ಲಿ ಕ್ಲಾಸಿಗೆ ಕೂತು, ಆಮೇಲೆ ಸಭೆಯ ಮುಂದೆ ಎದ್ದು ನಿಂತು ‘ಹೌದು, ನಾನು ನಂಬುತ್ತೇನೆ’ ಎಂದು ಆ ಮಾತನ್ನು ತನ್ನದಾಗಿ ಮಾಡಿಕೊಳ್ಳಬೇಕು. ಅದೇ ದೃಢೀಕರಣ. ಅವ್ವ ಅದಕ್ಕಾಗಿ ಕಾದು ಕೂತಿದ್ದಳು. ಮೊಮ್ಮಗನಿಗೆ ಬಿಳಿ ಶರ್ಟಿನ ಬಟ್ಟೆ ಕೂಡ ತಂದಿಟ್ಟಿದ್ದಳು.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಬೈಯಲೆಂದೇ ಲೋಕಲ್ ರೈಲು ಹತ್ತಿದೆ. ಹುಡುಗ ಊಟದ ಟೇಬಲ್ಲಿನಲ್ಲಿ ಮ್ಯಾಗಿ ತಿನ್ನುತ್ತಿದ್ದ.

"ಯಾಕೋ, ಅಜ್ಜಿ ಹೋದ ಕೂಡ್ಲೇ ದೊಡ್ಡ ಮನಶಾ ಆದೇನು?" ಅಂದೆ.

ಅವನ ಕನ್ನಡ ಅರ್ಧಕ್ಕೇ ಮುಗಿಯುತ್ತದೆ. ಉಳಿದದ್ದು ಹಿಂದಿ. "ಅತ್ತೆ, ಸಚ್ ಬೋಲೂಂ? ಚರ್ಚಲ್ಲಿ ನಿಂತು ‘ಐ ಬಿಲೀವ್’ ಬೋಲ್ನಾ ಹೈ ನಾ. ಅಜ್ಜಿ ಬಿಲೀವ್ ಮಾಡ್ತಿದ್ರು. ವೋ ನಾನು ನೋಡಿದ್ದೀನಿ. ಪಪ್ಪಾ ಮಾಡ್ತಾರಾ?"

"ಮಾಡ್ದೆ ಏನು? ಅವನೂ ನಂಬ್ತಾನ."

"ನೀವು ನೋಡಿದ್ರಾ? ನಾನು ನೋಡಿಲ್ಲ. ಅಜ್ಜಿ ಪ್ರೇ ಮಾಡುವಾಗ ಎಲ್ರದ್ದೂ ಕಣ್ಣು ಬಂದ್. ನಾನು ಚುಪ್ಕೇ ಸೇ ನೋಡ್ತಿದ್ದೆ. ಪಪ್ಪಾ ಕಾ ಥಂಬ್ ಮೊಬೈಲ್ ಮೇಲೆ ಚಾಲೂ." ಮ್ಯಾಗಿಯ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ: "ಅಜ್ಜಿ ಗಯೀ, ಪ್ರೇಯರ್ ಬಂದ್. ಅಂದ್ರೆ ಅದು ಅಜ್ಜೀದು ಮಾತ್ರ ಇತ್ತಲ್ವಾ? ನಾನು ಎಲ್ರ ಮುಂದೆ ಸುಳ್ಳು ಹೇಳ್ಲಾ?"

ಹುಡುಗ ಉಡಾಳನಾಗಿದ್ದರೆ ಕಿವಿ ಹಿಂಡಬಹುದಿತ್ತು. ಇವನು ಪ್ರಾಮಾಣಿಕ. ಅಂಥವನ ಕಿವಿಯನ್ನು ಯಾವ ಕೈಯಿಂದ ಹಿಂಡುವುದು?

ಪ್ರಭಾಕರ ಆಫೀಸಿನಿಂದ ಬಂದಾಗ ಎಲ್ಲ ಹೇಳಿದೆ. ಅವನಿಗೆ ಸಿಟ್ಟು ಬಂತು. "ಅಕ್ಕಾ, ನಾ ಏನ್ ಕಡಿಮಿ ಮಾಡೀನಿ? ಹುಟ್ಟಿದಾಗಿಂದ ಸಂಡೇ ಸ್ಕೂಲಿಗೆ ನಾನ ಬಿಡ್ತೀನಿ, ನಾನ ಕರ್ಕೊಂಡು ಬರ್ತೀನಿ. ನನಗೆ ಟೈಮ್ ಎಲ್ಲದ? ಚರ್ಚಿನ ಅಯ್ನೋರಿಗೆ ಹೇಳು, ಅವ್ರು ತಿಳಿಸಿ ಹೇಳ್ತಾರ."

ಬಿಡುತ್ತಾನೆ, ನಿಜ. ಬಿಟ್ಟು ಚರ್ಚಿನ ಗೇಟಿನೆದುರು ಕಟಿಂಗ್ ಚಾಯ್ ಕುಡಿಯುತ್ತ ನಿಲ್ಲುತ್ತಾನೆ. ಅಲ್ಲಿ ಅವನೊಬ್ಬನೇ ಅಲ್ಲ. ನಮ್ಮ ಸಭೆಯ ಅಪ್ಪಂದಿರ ಒಂದು ಪೂರ್ತಿ ಪಡೆಯೇ ಇದೆ. ಬೈಕಿಗೆ ಒರಗಿಕೊಂಡು ಕ್ರಿಕೆಟ್ಟು, ಫ್ಲಾಟಿನ ರೇಟು, ಮೆಟ್ರೋ ಯಾವಾಗ ಮುಗಿಯುತ್ತದೆ ಇತ್ಯಾದಿ. ಒಳಗೆ ಅಮ್ಮಂದಿರು, ಅಜ್ಜಿಯರು, ಮಕ್ಕಳು. ಕೊನೆಯ ಕೀರ್ತನೆ ಕೇಳಿಸಿದಾಗ ಹೆಲ್ಮೆಟ್ ಕೈಗೆತ್ತಿಕೊಳ್ಳುತ್ತಾರೆ.

ಕೆಟ್ಟವರೇನಲ್ಲ ಇವರು. ಮಕ್ಕಳಿಗಾಗಿ ಜೀವ ಬಿಡುತ್ತಾರೆ. ಬೆಳಗಿನ ವಿರಾರ್ ಲೋಕಲ್‌ನಲ್ಲಿ ನೇತಾಡುವುದು ಯಾರಿಗಾಗಿ? ಆದರೆ ಲೆಕ್ಕಾಚಾರ ಎಲ್ಲೋ ಹೀಗೆ ಕೂತುಬಿಟ್ಟಿದೆ: ಗಣಿತಕ್ಕೆ ಟ್ಯೂಷನ್, ಈಜಿಗೆ ಕೋಚ್, ದೇವರಿಗೆ ಅಜ್ಜಿ. ಅಜ್ಜಿ ಇಲ್ಲದಿದ್ದರೆ ಅಮ್ಮ. ಅವಳಿಗೂ ಆಗದಿದ್ದರೆ ಸಭಾಪಾಲಕರು, ಅಂದರೆ ಪಾಸ್ಟರು. ಅಪ್ಪ ಫೀಸು ಕಟ್ಟುವವನು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಗಾದೆ ಕಟ್ಟಿದ ಹಿರಿಯರು ಅಪ್ಪನಂತೆ ಮಗ ಅಂತ ಯಾಕೆ ಸೇರಿಸಲಿಲ್ಲವೋ! (ಗಾದೆ ಕಟ್ಟಿದವನು ಅಪ್ಪನೇ ಇರಬೇಕು.)

ನಮ್ಮ ಪ್ರಾರ್ಥನೆ ಶುರುವಾಗುವುದೇ ‘ತಂದೆಯೇ’ ಎಂಬ ಕರೆಯಿಂದ. ಆ ಶಬ್ದದ ಅರ್ಥವನ್ನು ಮಗು ಎಲ್ಲಿ ಕಲಿಯಬೇಕು? ಸಂಡೇ ಸ್ಕೂಲಿನ ಚಿತ್ರದ ಪುಸ್ತಕದಲ್ಲೋ, ಮನೆಯ ಸೋಫಾದ ಮೇಲೆ ಕೂತವನಲ್ಲೋ?

ಇರಲಿ. ಅವ್ವನ ಜ್ಞಾಪಕಾರ್ಥ ಪ್ರಾರ್ಥನೆ ಒಂದು ಶನಿವಾರ ಸಂಜೆ ಎಂದು ನಿಶ್ಚಯವಾಯಿತು. ಜೋಯೆಲ್ ಹೂಂ ಅನ್ನುತ್ತಾನೋ ಇಲ್ಲವೋ ಎಂದು ಅದೇ ದಿನ ತಿಳಿಸಬೇಕೆಂದು ಸಭಾಪಾಲಕರು ಹೇಳಿದ್ದರು. ಅವರೇ ಹುಡುಗನ ಹತ್ತಿರ ಕೂತು ಮಾತಾಡುವವರಿದ್ದರು. ನಾವೆಲ್ಲ ಅವರ ಮೇಲೆಯೇ ಭಾರ ಹಾಕಿದ್ದೆವು.

ಹಾಲ್ ತುಂಬ ಜನ. ಬಿಲ್ಡಿಂಗಿನ ಸೊಸೈಟಿ ಆಫೀಸಿನಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳು. ಗೋಡೆಯ ಹತ್ತಿರ ಅವ್ವನ ಫೋಟೋ. ಅಡುಗೆಮನೆಯಲ್ಲಿ ಅವ್ವನಿಗೆ ಇಷ್ಟವಾದ ಜೋಳದ ರೊಟ್ಟಿ, ಎಣಗಾಯಿ. ಎಲ್ಲರೂ ಬಂದರು. ಸಭಾಪಾಲಕರು ಮಾತ್ರ ಬರಲಿಲ್ಲ. ಮಳೆಗೆ ಲೋಕಲ್ ನಿಂತು ಅವರು ದಾದರಿನ ಆಚೆಯೇ ಸಿಕ್ಕಿಬಿದ್ದಿದ್ದರು. ಕೊನೆಗೆ ಅವರದೇ ಫೋನು, ಪ್ರಭಾಕರ ಸ್ಪೀಕರ್‌ಗೆ ಹಾಕಿದ.

"ನನ್ನ ಹಾದಿ ಕಾಯಬ್ಯಾಡ್ರಿ. ಮನಿ ಯಜಮಾನ್ರು ಪ್ರಾರ್ಥನಾ ಮಾಡಿ ಶುರು ಮಾಡ್ಲಿ. ನಾ ಬಂದು ಕೂಡ್ಕೋತೀನಿ."

ಮನೆ ಯಜಮಾನ್ರು! ಎಲ್ಲರ ಕಣ್ಣೂ ಪ್ರಭಾಕರನ ಮೇಲೆ. ಅವನ ಕಣ್ಣು ನನ್ನ ಮೇಲೆ.

ಆ ನೋಟ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಮಗ್ಗಿ ಮರೆತಾಗ ಹೀಗೇ ನೋಡುತ್ತಿದ್ದ, ನಾನು ಮೆಲ್ಲಗೆ ಹೇಳಿಕೊಡುತ್ತಿದ್ದೆ. ಈಗಲೂ ನನ್ನ ಬಾಯಲ್ಲಿ ಪ್ರಾರ್ಥನೆ ಸಿದ್ಧವಾಗಿತ್ತು. ಪಕ್ಕದಲ್ಲಿ ಶೀಲಾ ಕೂಡ ಉಸಿರು ಎಳೆದುಕೊಂಡಳು, ಶುರು ಮಾಡುವವಳ ಹಾಗೆ. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ನಾವು ಹೆಂಗಸರು ಹೀಗೆ ಪ್ರತಿಸಲ ಕೈ ಹಿಡಿದು ದಾಟಿಸಿದ್ದಕ್ಕೇ ಅಲ್ಲವೇ ಇವರಿಗೆ ನಡಿಗೆ ಬರದೇ ಹೋದದ್ದು? ನಾಲಿಗೆ ಕಚ್ಚಿಕೊಂಡು ಕಣ್ಣು ಮುಚ್ಚಿದೆ.

ಯಾರೋ ಕೆಮ್ಮಿದರು. ದೇವರೇ, ಈ ದಡ್ಡನ ಬಾಯಿ ತೆರೆಸು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಕೊನೆಗೂ ತೆರೆಯಿತು. "ಅಪ್ಪಾ ದೇವರೇ, ಮುಂದಿಟ್ಟ ಈ ಅನ್ನಕ್ಕಾಗಿ ನಿನಗೆ ಸ್ತೋತ್ರ..."

ಅಯ್ಯೋ! ಅದು ಊಟದ ಪ್ರಾರ್ಥನೆ. ನಾವು ಚಿಕ್ಕವರಿದ್ದಾಗ ತಟ್ಟೆಯ ಮುಂದೆ ಕೂಡಿಸಿ ಅವ್ವ ಕಲಿಸಿದ್ದು. ಅವನಿಗೆ ಬಾಯಿಪಾಠ ಇದ್ದದ್ದು ಅದೊಂದೇ. ಹೆದರಿಕೆಯಲ್ಲಿ ಅದೇ ಹೊರಗೆ ಬಂದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಡುಗೆಮನೆಯಲ್ಲಿದ್ದ ಚಿಕ್ಕಮ್ಮ ಗಾಬರಿಯಾಗಿ, "ಈಗ ಊಟಕ್ಕ ಕೂಡಸ್ತಾರೇನ?" ಎಂದು ತಟ್ಟೆ ಜೋಡಿಸತೊಡಗಿದ್ದು ಹಾಲ್‌ಗೇ ಕೇಳಿಸಿತು. ನನಗೂ ನಗು ಉಕ್ಕಿ ಬಂತು.

ಅವನು ಮುಂದುವರಿಸಿದ. "ಇದನ್ನು ಬೇಯಿಸಿ ಬಡಿಸಿದ ಕೈಗಳನ್ನು..."

ಅಲ್ಲಿಗೆ ನಿಂತ. ‘ಹರಸು’ ಎಂಬುದೊಂದು ಶಬ್ದ ಬಾಕಿ ಇತ್ತು. ಅದು ಬರಲಿಲ್ಲ. ಆ ಕೈಗಳು ಯಾರವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವುಗಳನ್ನು ಎದೆಯ ಮೇಲೆ ಜೋಡಿಸಿ ಪೆಟ್ಟಿಗೆಯ ಮುಚ್ಚಳ ಹಾಕಿದವನು ಅವನೇ. ನನ್ನ ನಗು ಅಳುವಾಯಿತು. ಅಡುಗೆಮನೆಯ ತಟ್ಟೆಗಳೂ ಸುಮ್ಮನಾದವು.

ಮತ್ತೆ ಅವನ ಧ್ವನಿ ಬಂತು. ಮೈಕಿನ ಧ್ವನಿಯಲ್ಲ. ಅವ್ವನ ಎದುರು ತಪ್ಪೊಪ್ಪಿಕೊಳ್ಳುವಾಗಿನ ಧ್ವನಿ. "ದೇವರೇ, ಮುಂದ ನಂಗ ಬರೂದಿಲ್ಲ. ಅವ್ವ ಇದ್ದಾಗ ಅಕಿನ ಮಾಡ್ತಿದ್ಲು, ನಾ ಸುಮ್ನ ಕೂಡ್ತಿದ್ದೆ. ಈಗ ಅಕಿ ಇಲ್ಲ. ಈ ಹುಡುಗ ನನ್ನ ಮಾರಿ ನೋಡ್ಲಿಕತ್ತಾನ. ಅವಂಗ ನಾ ಏನ್ ಕಲಸ್ಲಿ? ನಂಗ ಮೊದ್ಲು ಕಲಸು."

ಅಷ್ಟೇ. ಆಮೆನ್ ಅನ್ನುವುದನ್ನೂ ಮರೆತ. ಆಮೇಲೆ ಬಾಗಿಲ ಹತ್ತಿರದಿಂದ, ಈಗಷ್ಟೇ ಒಡೆಯುತ್ತಿರುವ ಗಂಡುಹುಡುಗನ ದನಿಯೊಂದು ಹೇಳಿತು: "ಆಮೆನ್."

ಕಣ್ಣು ತೆರೆದು ನೋಡಿದೆ. ಜೋಯೆಲ್ ಈ ಸಲವೂ ಕಣ್ಣು ಮುಚ್ಚಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದ.

ಸಭಾಪಾಲಕರು ಒದ್ದೆಯಾಗಿ ಬಂದು ತಲುಪಿದಾಗ ನಾವು ಅವ್ವನ ಮೆಚ್ಚಿನ ಕೀರ್ತನೆ ಹಾಡಿ ಮುಗಿಸಿದ್ದೆವು. ಅವರ ಸಂದೇಶ ಚೆನ್ನಾಗಿಯೇ ಇತ್ತು. ಒಂದು ಮಾತೂ ನನಗೆ ನೆನಪಿಲ್ಲ, ಅವರು ಕ್ಷಮಿಸಬೇಕು. ಊಟವಾದ ಮೇಲೆ ಅವರು ಹುಡುಗನನ್ನು ಹತ್ತಿರ ಕರೆದು, "ಏನಪಾ, ಏನ್ ಯೋಚನಾ ಮಾಡೀ?" ಎಂದರು. ನಾವೆಲ್ಲ ಕಿವಿ ನಿಮಿರಿಸಿದೆವು.

"ಪ್ರಾಮಿಸ್ ಕಾ ಅಭೀ ಗೊತ್ತಿಲ್ಲ, ಪಾಸ್ಟರ್. ಕ್ಲಾಸಿಗೆ ಬರ್ತೀನಿ. ಪಪ್ಪಾ ಭೀ ಒಳಗೆ ಬಂದು ಕೂತ್ರೆ."

ಎಂಥ ಕರಾರು! ಶೀಲಾ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಮಾತಿನ ಮಲ್ಲ ಒಂದೇ ಶಬ್ದ ಆಡಿದ. "ಆತು."

ಹುಡುಗ ಅವ್ವ ತಂದಿಟ್ಟ ಬಿಳಿ ಬಟ್ಟೆಯಲ್ಲಿ ಶರ್ಟು ಹೊಲಿಸುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಸುಖಾಂತ ಬೇಕೆಂದವರು ಟೀವಿ ಧಾರಾವಾಹಿ ನೋಡಿಕೊಳ್ಳಿ. ಆದರೆ ಹೋದ ಭಾನುವಾರ ಚರ್ಚಿನ ಗೇಟಿನೆದುರು ಚಾಯ್ ಪಡೆಯಲ್ಲಿ ಒಬ್ಬ ಕಡಿಮೆಯಿದ್ದ. ಒಳಗೆ ಹದಿಹರೆಯದ ಮಕ್ಕಳ ನಡುವೆ, ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಚಲು ಒದ್ದಾಡುತ್ತ ಕೂತಿದ್ದ. ಪಡೆಯವರು ಅವನನ್ನು ಗೇಲಿ ಮಾಡಿದರಂತೆ. ಮಾಡಲಿ ಬಿಡಿ.

ಮೊನ್ನೆ ಸಂಜೆ ಏನೋ ಕೆಲಸಕ್ಕೆ ತಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಶೀಲಾಳೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಜೋಯೆಲ್‌ನೇ ತಿರುಗಿ ಮಾಡಿದ.

"ಸಾರಿ ಅತ್ತೆ, ಸಬ್ ಕಾ ಫೋನ್ ಸೈಲೆಂಟ್ ಥಾ. ಪಪ್ಪಾ ಪ್ರೇ ಮಾಡ್ತಿದ್ರು."

ಗಡಿಯಾರ ನೋಡಿದೆ. ಏಳೂವರೆ ದಾಟಿತ್ತು. "ಹೆಂಗ ಮಾಡ್ತಾನೋ ನಿಮ್ಮಪ್ಪ?" ಎಂದು ಕೇಳಿದೆ.

"ಬಹುತ್ ಖರಾಬ್," ಅಂದ. "ವಾಚ್‌ಮನ್ ಅಂಕಲ್ ಹೆಸರೇ ಮರೆತುಬಿಟ್ರು. ನಾನು ನೆನಪು ಮಾಡ್ಬೇಕಾಯ್ತು."

ಗೇಟಿನೆದುರು ಚಾಯ್ ಕುಡಿಯುವ ಅಣ್ಣಂದಿರೇ, ತಮ್ಮಂದಿರೇ, ನಿಮ್ಮ ಪ್ರಾರ್ಥನೆ ‘ಬಹಳ ಕೆಟ್ಟದಾಗಿದೆ’ ಎಂದು ಹೇಳುವಷ್ಟಾದರೂ ನಿಮ್ಮ ಮಕ್ಕಳು ಅದನ್ನು ಕೇಳಿದ್ದಾರೆಯೇ?