ಆರಿಹೋದ ಚುಕ್ಕಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮಗನ ಮಗಳು ಮೈಸೂರಿನಲ್ಲಿ ಪ್ರೋಟೀನು ಹೇಗೆ ಓಡಾಡುತ್ತದೆ ಅಂತ ಅಳೆಯುತ್ತಾಳೆ! ಬರೆಯುವಾಗಲೇ ಎದೆ ಉಬ್ಬುತ್ತದೆ. ಅವಳು ಹನಕೆರೆಯಲ್ಲಿ ರೈಲಿಳಿದ ದಿನ ಸ್ಟೇಷನ್ನಿನಿಂದ ಮನೆತನಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದೆ.

ಮಾರನೇ ದಿನ ಮಧ್ಯಾಹ್ನ ಜಗುಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸುತ್ತಿದ್ದಳು. ಕಪ್ಪು ಪರದೆಯ ತುಂಬ ಚುಕ್ಕಿಗಳು ಮಿಣಮಿಣ ಅಲೆಯುತ್ತಿದ್ದವು.

"ನಮ್ ಮೈನ ಒಂದೊಂದು ಜೀವಕೋಶಕ್ಕೂ ಜಿಡ್ಡಿನ ಪೊರೆ ಇರ್ತದೆ ಅಜ್ಜಿ. ಅಂಥದ್ನೇ ಗಾಜಿನ ಮೇಲೆ ಮಾಡಿವ್ನಿ. ಈ ಚುಕ್ಕಿ ಅದರ ಮೇಲೆ ತೇಲೋ ಪ್ರೋಟೀನು. ಕಾಣ್ಲಿ ಅಂತ ಮಿಂಚೋ ಬಣ್ಣ ಅಂಟ್ಸಿವ್ನಿ, ಬಣ್ಣ ಸತ್ರೆ ಚುಕ್ಕಿ ಆರೋಯ್ತದೆ. ಎಷ್ಟೊತ್ಗೆ ಎಷ್ಟು ದೂರ ಓಯ್ತವೆ ಅಂತ ಅಳೀಬೇಕು."

ಅಷ್ಟರಲ್ಲಿ ಕಿರುಗಾವಲಿನಿಂದ ಬೀಗಿತ್ತಿ ಬಂದರು, ಅವಳ ತಾಯಿಯ ತಾಯಿ. ಚಪ್ಪಲಿ ಬಿಡುತ್ತಲೇ, "ಅಯ್ಯೋ ಇದಾ? ಓದ್ವಾರವೇ ಫೋನಲ್ಲಿ ತೋರುಸ್ತು ಕಣಕ್ಕ ಮಗ," ಅಂದರು.

ಸೊಂಟದ ಮೇಲೆ ಹೊತ್ತು ಸಾಕಿದ್ದು ನಾನು, ಮೊದಲು ತೋರಿಸಿದ್ದು ಇವರಿಗೆ!

ಕಂಪ್ಯೂಟರೇ ಒಂದೊಂದು ಚುಕ್ಕಿಯ ದಾರಿಗೂ ಗೆರೆ ಎಳೆಯುತ್ತದಂತೆ. ಎರಡು ಚುಕ್ಕಿ ಹತ್ತಿರ ಬಂದರೆ ಅದಕ್ಕೂ ಗೊಂದಲ. ಆಗ ಕಣ್ಣಿನಿಂದಲೇ ನೋಡಿ ಸರಿಮಾಡಬೇಕು. ಬೀಗಿತ್ತಿ ಒಂದರ ಮೇಲೆ ಬೆರಳಿಟ್ಟರು. ಸ್ವಲ್ಪ ಹೊತ್ತಿಗೇ, "ಈಗಿತ್ತು ಕಣವ್ವ, ಎಲ್ಲೋಯ್ತೋ ಗೊತ್ತಾಗ್ನಿಲ್ಲ," ಅಂತ ಕೈ ತೆಗೆದರು.

"ನಾನ್ ಇಡೀತೀನಿ ಬುಡಿ. ನಲವತ್ತು ಕೋಳಿಮರೀಲಿ ನನ್ನ ಮರಿ ಯಾವ್ದು ಅಂತ ಏಳ್ತೀನಿ," ಅಂತ ಕೂತೆ.

ನನ್ನ ಚುಕ್ಕಿ ಇನ್ನೊಂದರ ಬಳಿ ಹೋದದ್ದೇ ದೀಪದ ಹಾಗೆ ಆರಿಹೋಯಿತು. ಬೀಗಿತ್ತಿ ಪಕ್ಕದಲ್ಲೇ ಇದ್ದರು. ನಾನು ಬೆರಳನ್ನು ಮೆಲ್ಲಗೆ ಆ ಇನ್ನೊಂದಕ್ಕೆ ಸರಿಸಿದೆ.

"ಅಬ್ಬಾ ಅಜ್ಜಿ! ಕಂಪ್ಯೂಟರು ಇಲ್ಗೇ ಮುಗೀತು ಅಂದಿತ್ತು," ಅಂತ ಮೊಮ್ಮಗಳು ಗೆರೆಯನ್ನು ಉದ್ದ ಮಾಡಿದಳು. ಬೀಗಿತ್ತಿಯ ಮುಖ ಸಣ್ಣದಾಯಿತು. ನನಗೆ ಹಬ್ಬ.

ಕಾಫಿಗೆ ಹಾಲಿಟ್ಟಾಗ ಹೊರಗೆ ಮೊಮ್ಮಗಳ ಮಾತು ಕೇಳಿಸಿತು. "ಒಂದು ದಾರಿ ತಪ್ಪಾದ್ರೂ ನನ್ ಲೆಕ್ಕ ಕೆಟ್ಟೋಯ್ತದೆ. ಎಲ್ರ ಎದ್ರುಗೆ ನಾನೇ ಉತ್ರ ಕೊಡ್ಬೇಕು." ಒಲೆ ಆರಿಸಿ ಹೊರಗೆ ಬಂದೆ.

"ಅದು ಆರೋಗಿತ್ತು ಕಣವ್ವ. ಪಕ್ಕದ್ದರ ಮೇಲೆ ಬೆಳ್ಳು ಇಟ್ಬುಟ್ಟೆ."

"ಯಾಕಜ್ಜಿ?"

"ಇವ್ರಿಗಿಂತ ನಾನೇ ಎಚ್ಚು ಅನ್ನುಸ್ಕೊಳಾಕೆ."

ಬೀಗಿತ್ತಿ ಸುಮ್ಮನಿರುತ್ತಾರೆಯೇ? "ಕೋಳಿಮರೀನೂ ಇಂಗೇ ಪಕ್ಕದ ಮನೇದ್ನ ಇಡ್ಕಬತ್ತೀರಾ ಅಕ್ಕ?" ಮೂವರೂ ನಕ್ಕೆವು. ನಾನು ಸ್ವಲ್ಪ ಕಡಿಮೆ.

ಮೊಮ್ಮಗಳು ಗೆರೆಯನ್ನು ಚುಕ್ಕಿ ಆರಿದಲ್ಲಿಗೇ ಕತ್ತರಿಸಿದಳು. "ಆರೋದ್ರೆ ಆರೋಯ್ತು ಅನ್ನಿ, ಅದೂ ಬೇಕು ನಂಗೆ. ಇನ್ಮೇಲೆ ಇಬ್ರೂ ನೋಡಿ. ಇಬ್ರೂ ಒಂದೇ ಏಳುದ್ರೆ ಮಾತ್ರ ಬರ್ಕತೀನಿ."

ಸಂಜೆವರೆಗೂ ಹಾಗೇ ನೋಡಿದೆವು. ನಡುವೆ ಒಮ್ಮೆ ಅವಳು ದಣಿದು ಬೀಗಿತ್ತಿಯ ಹೆಗಲಿಗೆ ತಲೆಯೊರಗಿಸಿದಳು. ನನ್ನ ಹೆಗಲೂ ಅಲ್ಲೇ ಇತ್ತು. ಆದರೂ ಚುಕ್ಕಿಯಿಂದ ಕಣ್ಣು ಕೀಳಲಿಲ್ಲ.