ಲ್ಯಾಪ್‌ಟಾಪಿಗೆ ‘ಮನಿಗೆ ಬಂದ್ವಿ’ ಅಂತ ಹೇಳುವುದು

ನಮ್ಮ ಅತ್ತೆ ಕಂಪ್ಲಿ ಕಡೆಯವರು. ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಬೆಳೆದವರು. ಹಾಗಾಗಿ ಹೊಸಪೇಟೆಯ ನಮ್ಮ ಮನೆಯಲ್ಲಿ ಕಾಲು ತೊಳೆಯದೆ ಯಾರೂ ಹೊಸಿಲು ದಾಟುವಂತಿರಲಿಲ್ಲ. ನಾನು ತರುತ್ತಿದ್ದದ್ದು ಕೆಸರಲ್ಲ, ಸಂಡೂರಿನ ಹತ್ತಿರದ ಯಶವಂತನಗರದ ಗಣಿ ಕಚೇರಿಯ ಕೆಂಪು ಧೂಳು. ಅದಕ್ಕಂತೂ ಎರಡು ಚೊಂಬು ನೀರು ಬೇಕು. ಆಮೇಲೆ ಅವರ ಕಣ್ಣು ನನ್ನ ಹೆಗಲ ಮೇಲಿನ ಕಪ್ಪು ಚೀಲಕ್ಕೆ ಹೋಗುತ್ತಿತ್ತು.

“ಮನಿಗೆ ಬಂದ್ವಿ ಅಂತ ಅದಕ್ಕ ಹೇಳಿದ್ಯಾ?”

ಚೀಲದಲ್ಲಿದ್ದದ್ದು ಕಂಪನಿಯ ಲ್ಯಾಪ್‌ಟಾಪು. ತೊಂಬತ್ತರ ದಶಕದ ಕೊನೆ ಅದು. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಗಿಂತ ಭಾರ. ಆಫೀಸಿನ ಕಂಪ್ಯೂಟರುಗಳೆಲ್ಲ ತಂತಿಯಿಂದ ಒಂದಕ್ಕೊಂದು ಸೇರಿದ್ದವು, ಮನೆಗಳಿಗೆ ಇರುವಂತೆ ಒಂದೊಂದಕ್ಕೂ ಬೇರೆ ಬೇರೆ ನಂಬರು. ಅಲ್ಲಿ ಇದು ಕೆಲಸ ಮಾಡಬೇಕೆಂದರೆ ಇದಕ್ಕೂ ಅದರದೇ ನಂಬರು ಕೊಡಬೇಕಿತ್ತು. ಮನೆಯಲ್ಲಿ ಟೆಲಿಫೋನ್ ತಂತಿಗೆ ಸಿಕ್ಕಿಸಿ ಮೇಲ್ ಕಳಿಸಬೇಕೆಂದರೆ ಆ ನಂಬರು ಅಳಿಸಿ, ಆಫೀಸಿನ ಮೂಲಕವೇ ಹೋಗು ಎಂದು ಹೇಳುವ ‘ಪ್ರಾಕ್ಸಿ’ ಎಂಬಲ್ಲಿದ್ದ ರೈಟ್ ಗುರುತು ತೆಗೆದು, ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು. ಮರುದಿನ ಆಫೀಸಿನಲ್ಲಿ ಎಲ್ಲವೂ ಉಲ್ಟಾ. ಹಂಪಿ ಬಜಾರಿನಲ್ಲಿ ವಿದೇಶಿಯರಿಗಾಗಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ನಮ್ಮೆಜಮಾನರ ಗೆಳೆಯರೊಬ್ಬರು ಇದನ್ನೆಲ್ಲ ಕಲಿಸಿಕೊಟ್ಟಿದ್ದರು. ನಾನು ಅತ್ತೆಗೆ ಅರ್ಥವಾಗುವ ಹಾಗೆ, “ನಾವು ಎಲ್ಲಿದ್ದೀವಿ ಅಂತ ಅದಕ್ಕ ಹೇಳಬೇಕ್ರೀ ಅತ್ತಿ, ತಾನಾಗಿ ತಿಳಿಯಂಗಿಲ್ಲ” ಅಂದಿದ್ದೆ. ಅಂದಿನಿಂದ ಕಾಲು ತೊಳೆಯುವುದರ ಜೊತೆ ಇದೂ ಒಂದು ನೇಮವಾಯಿತು.

ಇಷ್ಟೆಲ್ಲ ಪಡಿಪಾಟಲು ನನ್ನ ಬೆನ್ನಿಗಾಗಿ. ಅದಿರು ಲಾರಿಗಳು ಹುಡಿ ಮಾಡಿಟ್ಟ ರಸ್ತೆಯಲ್ಲಿ ಕಂಪನಿ ಬಸ್ಸಿನಲ್ಲಿ ಏಳು ವರ್ಷ ಕುಲುಕಿ ಕುಲುಕಿ ಬೆನ್ನುಹುರಿಯ ಹತ್ತಿರ ಏನೋ ಜರುಗಿತ್ತು. ಡಾಕ್ಟರು, “ದಿನಾ ಬಸ್ಸು ಬ್ಯಾಡ. ಇಲ್ಲಾಂದ್ರ ಆಪರೇಷನ್‌ಗೆ ತಯಾರಾಗ್ರಿ” ಅಂದುಬಿಟ್ಟರು. ನನ್ನ ಕೆಲಸವೆಂದರೆ ಲ್ಯಾಬಿನವರು ಫೋನಿನಲ್ಲಿ ಹೇಳಿದ ಅದಿರಿನ ಪರೀಕ್ಷೆಯ ಅಂಕಿಗಳನ್ನು ರಿಪೋರ್ಟು ಮಾಡಿ ಹೆಡ್ ಆಫೀಸಿಗೆ ಕಳಿಸುವುದು. ಅದನ್ನು ಮನೆಯಿಂದಲೂ ಮಾಡಬಹುದು ಎಂದು ಮ್ಯಾನೇಜರರ ಮುಂದೆ ನಿಂತು ವಾದಿಸಿದೆ. ಗಣಿಯಲ್ಲಿ ಅಂಥದ್ದನ್ನು ಯಾರೂ ಕೇಳಿರಲಿಲ್ಲ. ಅವರು ಒಂದು ತಿಂಗಳು ನೋಡೋಣ ಅಂದರು. ದಿನ ಬಿಟ್ಟು ದಿನ ಮನೆ. ರಿಪೋರ್ಟು ನಾಲ್ಕು ಗಂಟೆಯೊಳಗೆ ಹೋಗಬೇಕು. ಒಂದು ದಿನ ತಪ್ಪಿದರೂ ಮತ್ತೆ ದಿನಾ ಬಸ್ಸು, ಇಲ್ಲವೇ ರಾಜೀನಾಮೆ.

ಎರಡು ವಾರ ಚೆನ್ನಾಗಿ ನಡೆಯಿತು. ಮನೆಯಲ್ಲಿ ನಾನು ಮೇಲ್ ಕಳಿಸುವಾಗ ಯಾರಾದರೂ ಫೋನ್ ಎತ್ತಿದರೆ ಲೈನು ಕಡಿಯುತ್ತದೆಂದು ಅತ್ತೆ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದರು. ಫೋನ್ ಮಾಡಲು ಬಂದ ಪಕ್ಕದ ಮನೆಯವರಿಗೆ, “ನಮ್ಮ ಸೊಸಿ ಆಫೀಸಿನಾಗ ಅದಾಳ, ಆಮ್ಯಾಲ ಬರ್ರಿ” ಎನ್ನುತ್ತಿದ್ದರು. ಆ ಸೊಸೆ ನಾಲ್ಕು ಮಾರು ದೂರದಲ್ಲೇ ಕೂತಿರುವುದು ಅವರಿಗೂ ಕಾಣುತ್ತಿತ್ತು.

ನನ್ನ ನಂಬರಿನ ಕೊನೆಯ ಭಾಗ ಹದಿನಾಲ್ಕು. ಮೊದಮೊದಲು ಚೀಟಿ ನೋಡಿ ಹಾಕುತ್ತಿದ್ದೆ. ಮೂರನೆಯ ವಾರಕ್ಕೆ ಜಂಬ ಬಂತು. ದಿನಾ ಹಾಕುವ ನಂಬರಿಗೆ ಚೀಟಿ ಯಾಕೆ ಅಂತ ಚೀಟಿಯನ್ನು ಮನೆಯಲ್ಲೇ ಬಿಟ್ಟೆ.

ಆ ಬುಧವಾರ ಬಸ್ಸು ಇಳಿಯುವಷ್ಟರಲ್ಲಿ ಬೆನ್ನು ಸೆಟೆದುಹೋಗಿತ್ತು. ಹಲ್ಲು ಕಚ್ಚಿಕೊಂಡು ಕೂತು, ನಂಬರು ಹಾಕಿ, ಕೆಲಸ ಶುರು ಮಾಡಿದೆ. ಹತ್ತು ಗಂಟೆಗೆ ಮ್ಯಾನೇಜರ್ ಬಂದು ತಮ್ಮ ಕಂಪ್ಯೂಟರ್ ಚಾಲೂ ಮಾಡಿದರೆ ಇಂಗ್ಲಿಷಿನಲ್ಲಿ ಏನೋ ತಕರಾರು ತೋರಿಸಿತಂತೆ. ಓದುವ ಅಭ್ಯಾಸ ಅವರಿಗಿರಲಿಲ್ಲ. ಬಂದದ್ದಕ್ಕೆಲ್ಲ ಓಕೆ ಒತ್ತುವುದೇ. ಮೇಲ್ ಬರಲಿಲ್ಲ, ಹೋಗಲಿಲ್ಲ. ಬಳ್ಳಾರಿಗೆ ಫೋನ್ ಮಾಡಿದರೆ ರಿಪೇರಿಯವರು ನಾಳೆ ಬರುತ್ತೇವೆ ಅಂದರು.

ಮ್ಯಾನೇಜರರ ಸಿಟ್ಟು ತಿರುಗಿದ್ದು ಆಯಮ್ಮನ ಮೇಲೆ. ದಿನಾ ಬೆಳಿಗ್ಗೆ ಅವರ ಕೋಣೆಯ ಮೇಜು, ಕುರ್ಚಿ, ಕಂಪ್ಯೂಟರು ಎಲ್ಲದರ ಮೇಲಿನ ಕೆಂಪು ಧೂಳು ಒರೆಸುತ್ತಿದ್ದ ಹೆಂಗಸು. ಐವತ್ತರ ಆಸುಪಾಸು, ಮಾತು ಕಮ್ಮಿ.

“ವೈರಿನ ಹತ್ರ ಬಟ್ಟಿ ಒಯ್ಯಬ್ಯಾಡ ಅಂತ ಎಷ್ಟು ಸಲ ಹೇಳೀನಿ? ನಾಳಿಂದ ಈ ರೂಮಿಗೆ ಬರಬ್ಯಾಡ” ಎಂದು ಮ್ಯಾನೇಜರ್ ಹೇಳಿದ್ದು ಇಡೀ ಕಚೇರಿಗೆ ಕೇಳಿಸಿತು. ಆಮೇಲೆ ಕಂಟ್ರಾಕ್ಟರಿಗೆ ಬೇರೆ ಹೆಂಗಸನ್ನು ಕಳಿಸಲು ಹೇಳಿ ಎಂದೂ ಅಂದರು. ಆಯಮ್ಮ “ನಾ ವೈರ್ ಮುಟ್ಟಿಲ್ರೀ” ಅಂದಳು, ಒಂದೇ ಸಲ. ಹೊರಗೆ ಬಂದು ಸ್ಟೂಲಿನ ಮೇಲೆ ಕೂತು ಒರೆಸುವ ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ನನಗೆ ಪಾಪ ಅನ್ನಿಸಿತು. ಅನ್ನಿಸಿದ್ದು ಅಷ್ಟೇ. ನನ್ನ ತಲೆಯಲ್ಲಿದ್ದದ್ದು ನಾಲ್ಕು ಗಂಟೆಯ ರಿಪೋರ್ಟು. ಮೂರೂವರೆಗೆ ಅದು ಹೋಯಿತು.

ನಾಳೆ ಮನೆಯ ದಿನ, ಹೊರಡುವ ಮೊದಲು ಇಲ್ಲೇ ನಂಬರು ಅಳಿಸೋಣವೆಂದು ತೆರೆದೆ. ಕೊನೆಯಲ್ಲಿ ನಲವತ್ತೊಂದು ಅಂತ ಇತ್ತು. ಕಣ್ಣು ಉಜ್ಜಿಕೊಂಡು ನೋಡಿದೆ. ನಲವತ್ತೊಂದೇ. ಬೆಳಿಗ್ಗೆ ನೋವಿನಲ್ಲಿ ಒಂದು, ನಾಲ್ಕು ಒತ್ತುವ ಬದಲು ನಾಲ್ಕು, ಒಂದು ಒತ್ತಿದ್ದೆ. ಯಾರ್ಯಾರ ಕಂಪ್ಯೂಟರಿಗೆ ಯಾವ ನಂಬರು ಎಂಬ ಪಟ್ಟಿಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದರು. ಎದ್ದು ಹೋಗಿ ನೋಡಿದೆ. ನಲವತ್ತೊಂದು ಮ್ಯಾನೇಜರರದ್ದು. ಬೆಳಿಗ್ಗೆ ನಾನು ಮೊದಲು ಬಂದು ಅವರ ನಂಬರು ಹಾಕಿಕೊಂಡು ಕೂತಿದ್ದೆ, ಅವರ ಕಂಪ್ಯೂಟರಿಗೆ ಜಾಗವೇ ಇರಲಿಲ್ಲ.

ಬೆರಳು ಅಳಿಸುವ ಕೀಲಿಯ ಮೇಲೇ ಇತ್ತು. ಒಂದು ಸಲ ಒತ್ತಿ ಬಂದ್ ಮಾಡಿದರೆ ಮುಗಿಯಿತು. ನಾಳೆ ಅವರ ಕಂಪ್ಯೂಟರು ತಾನಾಗಿ ಸರಿಹೋಗುತ್ತದೆ, ರಿಪೇರಿಯವರಿಗೆ ಹೆಸರು ಬರುತ್ತದೆ, ನನ್ನ ದಿನ ಬಿಟ್ಟು ದಿನ ಉಳಿಯುತ್ತದೆ. ಸುಳ್ಳು ಯಾಕೆ ಹೇಳಲಿ, ಒತ್ತಲು ಮನಸ್ಸಾಗಿತ್ತು. ಬೆನ್ನು ಹಾಗೆ ನೋಯುತ್ತಿತ್ತು. ಆದರೆ ಬಾಗಿಲಾಚೆ ಸ್ಟೂಲು ಕಾಣುತ್ತಿತ್ತು. ಆ ಬಟ್ಟೆ ಇನ್ನೂ ಅವಳ ತೊಡೆಯ ಮೇಲೇ ಇತ್ತು. ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ತಂತಿ ಕಿತ್ತು, ಲ್ಯಾಪ್‌ಟಾಪನ್ನು ತೆರೆದ ಹಾಗೇ ಎತ್ತಿಕೊಂಡು ಮ್ಯಾನೇಜರರ ಕೋಣೆಗೆ ಹೋದೆ.

“ಸರ್, ಆಯಮ್ಮಂದು ಏನೂ ತಪ್ಪಿಲ್ಲ. ನಾ ನಿಮ್ಮ ನಂಬರ್ ಹಾಕ್ಕೊಂಡು ಕುಂತಿದ್ದೆ. ಅದಕ್ಕ ನಿಮ್ಮದು ನಿಂತೈತಿ” ಎಂದು ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ನನ್ನ ಮುಖ ನೋಡಿದರು.

“ಕುಂದ್ರಿ. ಇವತ್ತಿನ ರಿಪೋರ್ಟು?”

“ಹೋಗೇತ್ರೀ ಸರ್. ಮೂರೂವರೆಗೆ.”

“ಯಾವ ನಂಬರಿನ ಮ್ಯಾಲ?”

“ನಿಮ್ಮ ನಂಬರಿನ ಮ್ಯಾಲ.”

ಅವರು ಕನ್ನಡಕ ತೆಗೆದಿಟ್ಟರು. “ಅಂದ್ರ ನನ್ನ ನಂಬರು ಇವತ್ತು ದಿನಾಪೂರ್ತಿ ದುಡಿದೈತಿ. ದುಡೀಲಾರದಾವ ನಾನೊಬ್ಬನ” ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. “ನಾ ಹೇಳಿದ್ದು ರಿಪೋರ್ಟು ತಡ ಆಗಬಾರದು ಅಂತ. ತಡ ಆಗಿಲ್ಲ. ಹಂಗ ನಡೀಲಿ, ತಿಂಗಳು ಆದ ಮ್ಯಾಲೂ ನಡೀಲಿ. ಆದ್ರ ಚೀಟಿ ನೋಡಿ ಹಾಕ್ರಿ.”

ಆಪರೇಷನ್ನು, ರಾಜೀನಾಮೆ, ಬಸ್ಸು ಎಲ್ಲವೂ ಒಟ್ಟಿಗೆ ಹೆಗಲಿಂದ ಇಳಿದವು. ಆದರೂ ಏಳಲಿಲ್ಲ. “ಸರ್, ಆಯಮ್ಮ” ಅಂದೆ.

ಅವರು ಬಾಗಿಲ ಕಡೆ ತಿರುಗಿ, “ಏನಮ್ಮಾ, ಈ ಟೇಬಲ್ ಮ್ಯಾಲ ಧೂಳು ಕುಂತೈತಿ ನೋಡು” ಎಂದು ಕರೆದರು. ತಪ್ಪಾಯಿತು ಅನ್ನುವ ಮಾತು ಆ ಮನುಷ್ಯನ ಬಾಯಲ್ಲಿ ಬರಲಿಲ್ಲ. ಬರಬೇಕಿತ್ತು ಅಂತ ನನಗೆ ಈಗಲೂ ಇದೆ. ಆಯಮ್ಮ ಒಳಗೆ ಬಂದು, ಏನೂ ಆಗಿಲ್ಲವೆಂಬಂತೆ ಮೇಜು ಒರೆಸಿದಳು. ಕಂಪ್ಯೂಟರನ್ನೂ ಒರೆಸಿದಳು, ವೈರಿನ ತನಕ.

ನಾನು ಚೀಲ ಕಟ್ಟುವಾಗ ನನ್ನ ಮೇಜಿನ ಹತ್ತಿರ ಬಂದಳು. “ನಿಮ್ಮ ನಂಬರ್ ಎಷ್ಟ್ರೀ ಅಕ್ಕಾರ?”

“ಹದಿನಾಕು.”

“ನೆಪ್ಪಿಡ್ತೀನಿ. ನೀವು ಬಂದ ದಿನ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬೆನ್ನಿಗೂ ಚಲೋ, ನನ್ನ ಹೊಟ್ಟಿಗೂ ಚಲೋ.”

ನಾನು ಆ ಆಫೀಸಿನಲ್ಲಿದ್ದಷ್ಟು ದಿನ ಅವಳು ಕೇಳಿದಳು, ನಾನು ಹೇಳಿದೆ.

ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ. ಆ ರಸ್ತೆಯಲ್ಲಿ ನಿದ್ದೆ ಬಂದದ್ದು ಅದೇ ಮೊದಲು. ಮನೆ ಬಾಗಿಲಲ್ಲಿ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅತ್ತೆ ಎಂದಿನಂತೆ ಚೀಲ ನೋಡಿ ಕೇಳಿದರು.

“ಅದಕ್ಕ ಹೇಳಿದ್ಯಾ?”

ನಂಬರು ಅಳಿಸಲು ಮರೆತೇ ಹೋಗಿತ್ತು. ಹೆದರಿಕೆ ಮಾತ್ರ ಆಗಲಿಲ್ಲ.

“ನಾಳಿ ಹೇಳ್ತೀನ್ರೀ ಅತ್ತಿ” ಅಂದೆ. “ನಾಳಿ ಮನಿಯಾಗ ಇರ್ತೀನಲ್ಲ.”