ಕಟಿಂಗ್ ಮೇಜು ಮತ್ತು ಅರ್ಧ ಚಮಚ ಪುಡಿ

ಮಾವನ ದರ್ಜಿ ಅಂಗಡಿಯ ಕಟಿಂಗ್ ಮೇಜು ತನ್ನದೇ ಎಂದು ದೊಡ್ಡ ಸೊಸೆ ಬಂದಂದಿನಿಂದ ನಂಬಿದ್ದಳು. ಅವಳು ಕೋಟಿನ ಬಟ್ಟೆಗೆ ಕತ್ತರಿ ಹಾಕಿದರೆ ಮಾವನೂ ಸುಮ್ಮನೆ ನಿಂತು ನೋಡಬೇಕು, ಅಂಥ ಕೈ. ಅವಳು ನ್ಯುಮೋನಿಯಾ ಬಂದು ಮಲಗಿದ್ದೇ ತಡ, ಆ ಮೇಜಿಗೆ ಬಂದು ನಿಂತವಳು ಯಾರು? ನಿನ್ನೆ ಮೊನ್ನೆ ಗುಂಡಿ ಹೊಲಿಯುತ್ತಿದ್ದ ವಾರಗಿತ್ತಿ!

ಆ್ಯಂಟಿಬಯೋಟಿಕ್ ಮಾತ್ರೆಗಳು ಎದೆಯ ಸೋಂಕನ್ನೇನೋ ಓಡಿಸಿದವು, ಹೊಟ್ಟೆಯನ್ನು ಮಾತ್ರ ಕೆಡಿಸಿಟ್ಟವು. ಉಂಡದ್ದು ನಿಲ್ಲದು. ಹಾಸಿಗೆಯಲ್ಲಿ ಬಿದ್ದುಕೊಂಡು, ಕೆಳಗಿನ ಅಂಗಡಿಯಿಂದ ಬರುವ ಕತ್ತರಿಯ ಸದ್ದು ಕೇಳುತ್ತ ಹಲ್ಲು ಕಡಿಯುತ್ತಿದ್ದಳು. ಅದರ ಮೇಲೆ ಮಾವನ ದನಿ: "ಭೇಷ್, ಸಣ್ಣೋಳೂ ಕಲ್ತುಬಿಟ್ಳಲ್ಲ!" ಮೈಯೆಲ್ಲ ಉರಿದುಹೋಯಿತು.

ಸಂಜೆ ವಾರಗಿತ್ತಿ ಒಂದು ಡಬ್ಬಿ ಹಿಡಿದುಕೊಂಡು ಮೇಲೆ ಬಂದಳು.

"ಅಕ್ಕಾ, ಡಾಕ್ಟ್ರನ್ನ ಕೇಳಿಯೇ ತಂದೆ. ಇದೊಂಥರಾ ಸಕ್ಕರೆ. ನಮಗೆ ಜೀರ್ಣ ಆಗಲ್ವಂತೆ, ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾಗಳಿಗೆ ಊಟವಂತೆ. ಮಾತ್ರೆಗೆ ಅವೂ ಎಷ್ಟೋ ಸತ್ತಿರ್ತಾವಲ್ಲ, ಉಳಿದವು ತಿಂದು ಬೆಳೀಬೇಕು. ಈಗ ಅರ್ಧ ಚಮಚ ಸಾಕು, ನಿಧಾನವಾಗಿ ಜಾಸ್ತಿ ಮಾಡ್ಬೇಕಂತೆ."

ನಿಧಾನವಾಗಿಯಂತೆ! ಇವಳ ಹುನ್ನಾರ ತನಗೆ ತಿಳಿಯದೇ? ತಾನು ಏಳುವಷ್ಟರಲ್ಲಿ ಇವಳು ಅಲ್ಲೇ ಬೇರು ಬಿಟ್ಟಿರುತ್ತಾಳೆ. ಬೆಳಿಗ್ಗೆ ಎದ್ದವಳೇ ನಾಲ್ಕು ಚಮಚ ಪುಡಿಯನ್ನು ನೀರಿಗೆ ಸುರಿದು ಗಟಗಟ ಕುಡಿದು, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅಂಗಡಿಗೆ ಇಳಿದಳು.

"ಸರಿ ಆ ಕಡೆ," ಎಂದಳು. ವಾರಗಿತ್ತಿ ಸರಿದಳು.

ಕೋಟಿನ ತೋಳು ಅರ್ಧ ಕತ್ತರಿಸುವಷ್ಟರಲ್ಲಿ ಹೊಟ್ಟೆ ಉಬ್ಬಿ ಗುಡುಗುಡು ಎಂದಿತು. ಗಿರಾಕಿಗಳಿಗೂ ಕೇಳಿಸಿತು. ಕತ್ತರಿಯನ್ನು ಬಟ್ಟೆಯಲ್ಲೇ ಬಿಟ್ಟು ಓಡಿದಳು. ಒಳಗೆ ಕೂತು ಅತ್ತಳು, ನೋವಿಗಲ್ಲ. ಅಷ್ಟರಲ್ಲಿ ವಾರಗಿತ್ತಿ ಆ ತೋಳು ಮುಗಿಸಿರುತ್ತಾಳೆ, ಮಾವ ಭೇಷ್ ಅಂದಿರುತ್ತಾರೆ.

ಬಂದು ನೋಡಿದರೆ ಕತ್ತರಿ ಬಿಟ್ಟಲ್ಲೇ ಇತ್ತು. ವಾರಗಿತ್ತಿ ಬಟ್ಟೆ ಜಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದಳು.

"ನೀನೇ ಕತ್ತರಿಸಬಹುದಿತ್ತಲ್ಲೇ."

"ನೀವು ಶುರು ಮಾಡಿದ್ದು ಅಕ್ಕಾ. ಎಷ್ಟು ಚಮಚ ಕುಡಿದ್ರಿ?"

"ನಾಲ್ಕು."

"ಅಯ್ಯೋ ದೇವ್ರೇ! ಅದಕ್ಕೇ ಹೊಟ್ಟೆ ಉಬ್ಬಿರೋದು."

ದೊಡ್ಡ ಸೊಸೆ ಮೇಜಿಗೆ ಒರಗಿ ನಿಂತಳು. ಇನ್ನು ಇವಳ ಒಳ್ಳೆಯತನವನ್ನೂ ಸಹಿಸಿಕೊಳ್ಳಬೇಕಲ್ಲ ಎಂದು ಸಂಕಟವಾಯಿತು. ಕತ್ತರಿ ತೆಗೆದು ವಾರಗಿತ್ತಿಯ ಕೈಗಿಟ್ಟಳು.

"ಹಿಡಿ. ಅರ್ಧ ಚಮಚಕ್ಕೆ ಹೊಟ್ಟೆ ಒಗ್ಗೋವರೆಗೂ ನಾನು ಕುರ್ಚೀಲಿ ಕೂತು ಹೇಳ್ತೀನಿ, ನೀನು ಕತ್ತರಿಸು. ತಪ್ಪು ಮಾಡಿದ್ಯೋ, ಗ್ರಹಚಾರ ಬಿಡಿಸ್ತೀನಿ."

ಅವಳು ತಪ್ಪು ಮಾಡಲಿಲ್ಲ. ಒಂದೇ ಒಂದಾದರೂ ಮಾಡಬಾರದಿತ್ತೇ!